ಕೆಪ್ಲರ್-10ಬಿಯ ನೆರಳನ್ನು ನಾನೇ ಹುಡುಕಿದ ಬಗೆ

ಶಿಲಾಗ್ರಹವನ್ನು ಹುಡುಕಲು ಸ್ವಂತ ದೂರದರ್ಶಕ ಬೇಕೆಂದೇನಿಲ್ಲ. ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕಲು ನಾಸಾ ಕಳಿಸಿದ ಕೆಪ್ಲರ್ ನೌಕೆ 2009ರಿಂದ ಕೂಡಿಹಾಕಿದ ದತ್ತಾಂಶವೆಲ್ಲ ಮಾಸ್ಟ್ ಎಂಬ ಸಾರ್ವಜನಿಕ ಭಂಡಾರದಲ್ಲಿದೆ. ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಲ್ಪಸ್ವಲ್ಪ ಪರಿಚಯ, ಲೈಟ್‌ಕರ್ವ್ ಎಂಬ ಉಚಿತ ತಂತ್ರಾಂಶ ಇಷ್ಟಿದ್ದರೆ ಸಾಕು. ಹೊಸ ಗ್ರಹ ಕಂಡುಹಿಡಿಯುವ ಹುಮ್ಮಸ್ಸನ್ನು ಬದಿಗಿಟ್ಟು, ಉತ್ತರ ಮೊದಲೇ ಗೊತ್ತಿರುವ ನಕ್ಷತ್ರವನ್ನೇ ಆರಿಸಿಕೊಂಡೆ. ಕೆಪ್ಲರ್-10 ಎಂಬ ಆ ನಕ್ಷತ್ರದ ಒಳಗ್ರಹ 10ಬಿಯನ್ನು ತನ್ನ ಮೊದಲ ನಿಸ್ಸಂದೇಹ ಶಿಲಾಗ್ರಹವೆಂದು ಕೆಪ್ಲರ್ ತಂಡ 2011ರ ಜನವರಿಯಲ್ಲಿ ಘೋಷಿಸಿತ್ತು. ಉತ್ತರ ಗೊತ್ತಿದ್ದರೆ ನಮ್ಮ ಲೆಕ್ಕ ಎಲ್ಲಿ ದಾರಿ ತಪ್ಪುತ್ತಿದೆ ಎಂಬುದು ಬೇಗ ತಿಳಿಯುತ್ತದೆ.

ದತ್ತಾಂಶವನ್ನು ಇಳಿಸಿಕೊಂಡು ಹಾಗೆಯೇ ನೋಡಿದರೆ ಗ್ರಹದ ಸುಳಿವೂ ಸಿಗುವುದಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆಗೊಂದರಂತೆ ನಕ್ಷತ್ರದ ಬೆಳಕಿನ ಅಳತೆ ತೋರುವ ಚುಕ್ಕೆಗಳು, ಅವುಗಳ ಅಡಿಯಲ್ಲಿ ನೌಕೆಯ ಉಷ್ಣಾಂಶ ಬದಲಾದಂತೆಲ್ಲ ನಿಧಾನವಾಗಿ ಏರಿಳಿಯುವ ಅಲೆ. ಗ್ರಹ ನಕ್ಷತ್ರಕ್ಕೆ ಅಡ್ಡ ಹಾದಾಗ ಮರೆಯಾಗುವ ಬೆಳಕು ಹತ್ತು ಲಕ್ಷದಲ್ಲಿ ಸುಮಾರು 150 ಪಾಲು ಮಾತ್ರ. ಹೀಗೆ ಅಡ್ಡ ಹಾಯುವುದು, ಅಂದರೆ ಸಂಕ್ರಮಣ, ಎರಡು ಗಂಟೆಯೊಳಗೆ ಮುಗಿಯುವುದರಿಂದ ಪ್ರತಿ ಸಲವೂ ಸಿಗುವುದು ಮೂರೋ ನಾಲ್ಕೋ ಚುಕ್ಕೆ. ಅವು ಗದ್ದಲದಲ್ಲಿ ಕಳೆದೇ ಹೋಗಿರುತ್ತವೆ.

ಮೊದಲ ಕೆಲಸ ಆ ಅಲೆಯನ್ನು ತೆಗೆದು ರೇಖೆಯನ್ನು ಸಪಾಟು ಮಾಡುವುದು. ಇಲ್ಲಿ ಧಾರಾಳತನ ಸಲ್ಲದು. ಸಪಾಟು ಮಾಡುವ ಕಿಟಕಿಯ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ಹಿಡಿಯುವ ಕಾಲದ ತುಣುಕಿನ, ಅಗಲ ಸಂಕ್ರಮಣದ ಅವಧಿಗೆ ಹತ್ತಿರವಾದರೆ ತಂತ್ರಾಂಶ ಅಲೆಯ ಜೊತೆಗೆ ಗ್ರಹವನ್ನೂ ನುಂಗಿಬಿಡುತ್ತದೆ. ರೇಖೆ ನೋಡಲು ಬಹಳ ಚೆಂದವಾಗಿರುತ್ತದೆ, ಹುಡುಕಿದ್ದು ಮಾತ್ರ ಅದರಲ್ಲಿರುವುದಿಲ್ಲ. ಆದ್ದರಿಂದ ಕಿಟಕಿಯನ್ನು ಸಂಕ್ರಮಣಕ್ಕಿಂತ ಹಲವು ಪಟ್ಟು ಅಗಲವಾಗಿಟ್ಟೆ. ಗ್ರಹ ಒಂದು ಸುತ್ತು ಹಾಕುವ ಅವಧಿ ಸಿಕ್ಕ ಮೇಲೆ ಸಂಕ್ರಮಣದ ಚುಕ್ಕೆಗಳನ್ನು ಮುಚ್ಚಿ, ಉಳಿದವುಗಳ ಆಧಾರದ ಮೇಲೆ ಇನ್ನೊಮ್ಮೆ ಸಪಾಟು ಮಾಡಿದೆ.

ಸುತ್ತಿನ ಅವಧಿ ಹುಡುಕಲು ಬಳಸಿದ್ದು 2002ರಲ್ಲಿ ಪ್ರಕಟವಾದ ಬಿಎಲ್‌ಎಸ್ (ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್) ವಿಧಾನ. ಒಂದೊಂದು ಅವಧಿಯನ್ನೂ ಪ್ರಯತ್ನಿಸಿ, ಚುಕ್ಕೆಗಳನ್ನು ಅದರಂತೆ ಮಡಚಿ (ಅಂದರೆ ಪ್ರತಿ ಸುತ್ತನ್ನೂ ಒಂದರ ಮೇಲೊಂದು ಇಟ್ಟು), ಎಲ್ಲಿ ಪೆಟ್ಟಿಗೆಯಾಕಾರದ ತಗ್ಗು ಮೂಡುತ್ತದೆ ಎಂದು ಅದು ನೋಡುತ್ತದೆ. 0.84 ದಿನದಲ್ಲಿ, ಅಂದರೆ ಇಪ್ಪತ್ತು ಗಂಟೆಯಲ್ಲಿ, ಶಿಖರವೊಂದು ಎದ್ದು ನಿಂತಿತು. ಅದರ ಎರಡರಷ್ಟರಲ್ಲಿ ಇನ್ನೊಂದು, ಕೊಂಚ ಗಿಡ್ಡ. ಮೂರು ತಿಂಗಳ ದತ್ತಾಂಶದಲ್ಲಿ ನೂರಕ್ಕೂ ಹೆಚ್ಚು ಸಂಕ್ರಮಣಗಳಿರುತ್ತವೆ. ಒಂದರ ಮೇಲೊಂದು ಜೋಡಿಸಿದಾಗ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿದು, ತಳ ಚಪ್ಪಟೆಯಾದ ಸಣ್ಣ ತಗ್ಗು ಸ್ಪಷ್ಟವಾಗಿ ಕಂಡಿತು.

ತಗ್ಗು ಕಂಡಾಕ್ಷಣ ಗ್ರಹವೆನ್ನುವಂತಿಲ್ಲ. ಪರಸ್ಪರ ಮರೆಮಾಡುವ ಜೋಡಿ ನಕ್ಷತ್ರಗಳೂ ಇಂಥದೇ ವೇಷ ಹಾಕುತ್ತವೆ. ಬೆಸ ಸಂಖ್ಯೆಯ ಸಂಕ್ರಮಣಗಳನ್ನೂ ಸಮಸಂಖ್ಯೆಯವುಗಳನ್ನೂ ಬೇರೆಬೇರೆಯಾಗಿ ಮಡಚಿ ಆಳ ಒಂದೇ ಇದೆಯೇ ಎಂದು ನೋಡಬೇಕು, ಬೇರೆಯಾದರೆ ಅದು ಜೋಡಿ ನಕ್ಷತ್ರ. ತಗ್ಗಿನ ಹೊತ್ತಿನಲ್ಲಿ ಬೆಳಕಿನ ಕೇಂದ್ರಬಿಂದು ಪಕ್ಕಕ್ಕೆ ಸರಿಯುತ್ತದೆಯೇ ಎಂದೂ ನೋಡಬೇಕು, ಸರಿದರೆ ತಗ್ಗು ನೆರೆಯ ನಕ್ಷತ್ರದ್ದಿರಬಹುದು. ಬೇಸರದ ಕೆಲಸ, ಆದರೆ ನನ್ನ ಮಟ್ಟಿಗೆ ಇಡೀ ವಿಧಾನದ ಮರ್ಯಾದೆ ಉಳಿಯುವುದು ಇಲ್ಲಿಯೇ.

ಈಗ ಗಾತ್ರ. 150ನ್ನು ಹತ್ತು ಲಕ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ 0.0122. ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಅಷ್ಟು ಪಾಲು. ನಕ್ಷತ್ರ ಸೂರ್ಯನ 1.06ರಷ್ಟು, ಸೂರ್ಯನ ತ್ರಿಜ್ಯ ಭೂಮಿಯ 109ರಷ್ಟು. ಗುಣಿಸಿದರೆ ಗ್ರಹ ಭೂಮಿಯ 1.4ರಷ್ಟಾಗುತ್ತದೆ. ಈ ಲೆಕ್ಕದಲ್ಲಿ ನಾನು ಅಳೆದದ್ದು ಮೊದಲ ಸಂಖ್ಯೆಯನ್ನು ಮಾತ್ರ. ಉಳಿದದ್ದು ನಕ್ಷತ್ರದಿಂದ ಸಾಲ ತಂದದ್ದು. ನಕ್ಷತ್ರದ ತ್ರಿಜ್ಯ ಶೇಕಡ 10ರಷ್ಟು ತಪ್ಪಿದರೆ ಗ್ರಹದ್ದೂ ಅಷ್ಟೇ ತಪ್ಪುತ್ತದೆ, ಘನಗಾತ್ರ ತ್ರಿಜ್ಯದ ಘನಕ್ಕೆ ತಕ್ಕಂತೆ ಏರುವುದರಿಂದ ಸಾಂದ್ರತೆ ಶೇಕಡ 30ರ ಆಸುಪಾಸು ಅಲುಗಾಡುತ್ತದೆ. ಕೆಪ್ಲರ್-10ರ ಪುಣ್ಯ, ಅದರ ಮೇಲ್ಮೈಯ ಕಂಪನಗಳನ್ನೂ ಕೆಪ್ಲರ್ ದಾಖಲಿಸಿತ್ತು. ಅದರಿಂದಲೇ ತ್ರಿಜ್ಯ ಇಷ್ಟು ನಿಖರವಾಗಿ ಸಿಕ್ಕಿದ್ದು. ಶಿಲಾಗ್ರಹವನ್ನು ಅಳೆಯುವವರು ಬಹುಪಾಲು ಹೊತ್ತು ನಕ್ಷತ್ರವನ್ನೇ ಅಳೆಯುತ್ತಿರುತ್ತಾರೆ.

ಇಷ್ಟಾದರೂ ಅದು ಶಿಲೆಯೇ ಎಂಬುದಕ್ಕೆ ಸಾಕ್ಷಿಯಿಲ್ಲ. ಅದಕ್ಕೆ ದ್ರವ್ಯರಾಶಿ ಬೇಕು, ಅದು ನೆರಳಿನಿಂದ ದಕ್ಕುವುದಿಲ್ಲ. ಗ್ರಹದ ಎಳೆತಕ್ಕೆ ನಕ್ಷತ್ರ ಹಿಂದೆಮುಂದೆ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ, ಮನುಷ್ಯ ಮೆಲ್ಲಗೆ ಓಡುವಷ್ಟರಲ್ಲಿ, ತೂಗಾಡುತ್ತದೆ. ಪ್ರಕಟವಾದ ವೇಗದ ಅಳತೆಗಳನ್ನು ತೆಗೆದುಕೊಂಡು ನನ್ನ ಅವಧಿಗೆ ಸೈನ್ ಅಲೆ ಹೊಂದಿಸಿದಾಗ ಚುಕ್ಕೆಗಳ ಚದುರುವಿಕೆ ಎಷ್ಟೆಂದು ಕಣ್ಣಾರೆ ಕಂಡೆ. ಕೆಕ್ ದೂರದರ್ಶಕದ ಅಳತೆಗಳಿಂದ 2011ರಲ್ಲಿ ಬಂದ ಸಾಂದ್ರತೆ ಘನ ಸೆಂಟಿಮೀಟರಿಗೆ 8.8 ಗ್ರಾಂ, ಹೆಚ್ಚೂಕಡಿಮೆ ಕಬ್ಬಿಣದ ಗುಂಡು. ಹಾರ್ಪ್ಸ್-ಎನ್ ಉಪಕರಣದ ಅಳತೆಗಳು ಸೇರಿದ ಮೇಲೆ 2014ರಲ್ಲಿ ಅದು 5.8ಕ್ಕೆ ಇಳಿಯಿತು. ಭೂಮಿಯದು 5.5. ಎರಡೂ ಸಲ ಶಿಲಾಗ್ರಹವೇ, ಆದರೆ ಒಳಗಿನ ಕಥೆ ಪೂರ್ತಿ ಬೇರೆ. ತ್ರಿಜ್ಯವಷ್ಟೇ ಗೊತ್ತಿರುವ ಗ್ರಹಕ್ಕೆ ‘ಎರಡನೆಯ ಭೂಮಿ’ ಎಂಬ ಪಟ್ಟ ಕಟ್ಟುವ ಸುದ್ದಿಗಳನ್ನು ನಾನು ಈಗ ಓದುವುದೇ ಇಲ್ಲ. ಈ ಗ್ರಹದ ಹಗಲಿನ ಬದಿಯ ಬಿಸಿ 1,300 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ.

ಬುಧಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ನಕ್ಷತ್ರಕ್ಕೆ ಹತ್ತಿರವಿರುವ ಈ ಬಂಡೆ ಅಲ್ಲಿಯೇ ಹುಟ್ಟಿತೆಂದು ನಂಬುವುದು ಕಷ್ಟ. ಅಷ್ಟು ಕಾವಿನಲ್ಲಿ ಧೂಳೇ ಉಳಿಯದು. ಹೊರಗೆ ರೂಪುಗೊಂಡು ಒಳಕ್ಕೆ ಸರಿದಿರಬೇಕು. ಶಿಲಾಗ್ರಹಗಳು ಹೇಗೆ ಕೂಡಿಕೊಳ್ಳುತ್ತವೆ ಎಂದು ನೋಡಲು ರೀಬೌಂಡ್ ಎಂಬ ಉಚಿತ ತಂತ್ರಾಂಶದಲ್ಲಿ ಸೂರ್ಯನ ಸುತ್ತ ಹತ್ತಾರು ಭ್ರೂಣಗ್ರಹಗಳನ್ನು ಬಿಟ್ಟು ಡಿಕ್ಕಿ ಹೊಡೆಯಲು ಬಿಟ್ಟೆ. ಒಂದರ ಆರಂಭದ ಸ್ಥಾನವನ್ನು ಕೂದಲೆಳೆಯಷ್ಟು ಸರಿಸಿದರೂ ಕೊನೆಗೆ ಉಳಿಯುವ ಗ್ರಹಗಳು ಬೇರೆಯಾಗುತ್ತವೆ. ಒಂದು ಮಾತ್ರ ಪಟ್ಟು ಬಿಡಲಿಲ್ಲ: ಮಂಗಳನ ಜಾಗದಲ್ಲಿ ಬರುವುದು ಹೆಚ್ಚಾಗಿ ಮಂಗಳನಿಗಿಂತ ಬಹಳ ಭಾರವಾದದ್ದು. ಪರಿಣತರ ಗಣನೆಗಳನ್ನೂ ಕಾಡಿದ ತೊಡಕು ಇದು. ಗುರುಗ್ರಹ ಒಮ್ಮೆ ಒಳಬಂದು ಹಿಂದಿರುಗಿದ ಓಡಾಟದಲ್ಲಿ ಅಲ್ಲಿನ ಸಾಮಗ್ರಿಯನ್ನು ಗುಡಿಸಿಹಾಕಿತು ಎಂಬ 2011ರ ಸಲಹೆ ಅದಕ್ಕೆ ಒಂದು ಉತ್ತರ. ಏಕೈಕ ಉತ್ತರವಲ್ಲ.

ಮುಂದೆ, ಕೆಪ್ಲರ್‌ನಂತೆಯೇ ಗ್ರಹ ಹುಡುಕುವ ಟೆಸ್ ನೌಕೆಯ ದತ್ತಾಂಶಕ್ಕೆ ಕೈಹಾಕುವವರಿಗೆ ಒಂದು ಎಚ್ಚರಿಕೆ. ಕೆಪ್ಲರ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ ನಾಲ್ಕು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಪಾಲು) ಹಿಡಿದರೆ ಟೆಸ್‌ನದು 21. ನೆರೆಯ ನಕ್ಷತ್ರದ ಬೆಳಕೂ ಅದರೊಳಗೆ ಬಿದ್ದು ತಗ್ಗನ್ನು ತೆಳುವಾಗಿಸುತ್ತದೆ, ಅನಿಲಗ್ರಹ ಶಿಲಾಗ್ರಹದಂತೆ ಕಾಣುತ್ತದೆ. ಮಡಚುವ ಮೊದಲು ನಕ್ಷತ್ರಗಳ ಸ್ಥಾನ ದಾಖಲಿಸಿದ ಗೈಯಾ ನೌಕೆಯ ಪಟ್ಟಿಯಲ್ಲಿ ಅಕ್ಕಪಕ್ಕ ಯಾರಿದ್ದಾರೆಂದು ನೋಡಿಕೊಳ್ಳಿ.