ಪುಡಿ ಮಾರುವುದಾದರೆ ಯಾವ ಪುಡಿ, ಯಾರಿಗೆ?

ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರಲು ಹೊರಡುವವರು ಮೊದಲ ದಿನವೇ ಹತ್ತು ಹನ್ನೆರಡು ಬಗೆಯ ಪಟ್ಟಿ ಮಾಡಿ ವಾಟ್ಸಾಪ್‌ಗೆ ಹಾಕಿಬಿಡುತ್ತಾರೆ. ಅವೆಲ್ಲ ಪಕ್ಕದ ಅಂಗಡಿಯಲ್ಲಿ ಸಿಗುವಂಥವೇ. ಎಂಟಿಆರ್‌ನಂಥ ಕಂಪನಿಯ ಸಾಂಬಾರ್ ಪುಡಿಯೊಂದಿಗೆ ಬೆಲೆಯಲ್ಲಿ ಪೈಪೋಟಿಗಿಳಿದು ಗೆಲ್ಲಲಾಗದು. ಅವರು ಮೆಣಸಿನಕಾಯಿಯನ್ನು ಲೋಡುಗಟ್ಟಲೆ ಕೊಳ್ಳುತ್ತಾರೆ, ನೀವು ಕಿಲೋ ಲೆಕ್ಕದಲ್ಲಿ. ಒಂದೇ ಪುಡಿ, ಒಂದೇ ಬಗೆಯ ಗಿರಾಕಿ ಎಂದು ಶುರು ಮಾಡುವುದು ಲೇಸು. ಆ ಒಂದನ್ನು ಆರಿಸಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅವಸರ ಬೇಡ.

1. ಹಾಳೆಯ ಮೇಲೆ ಐದಾರು ಸಾಲು

ಏನು, ಯಾರಿಗೆ, ಅವರು ಎಲ್ಲಿ ಗುಂಪಾಗಿ ಸಿಗುತ್ತಾರೆ: ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಬೆಂಗಳೂರಿನ ಪಿಜಿಗಳಲ್ಲಿರುವ ಉತ್ತರ ಕರ್ನಾಟಕದ ಹುಡುಗರಿಗೆ ಶೇಂಗಾ ಚಟ್ನಿಪುಡಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಸಾರಿನ ಪುಡಿ. ಬಾಣಂತಿಯರಿಗೆ ಮೆಣಸು, ಜೀರಿಗೆಯ ಪುಡಿ. ಮದುವೆ ಅಡುಗೆಯವರಿಗೆ ಕಿಲೋ ಲೆಕ್ಕದಲ್ಲಿ ಬಿಸಿಬೇಳೆಬಾತ್ ಪುಡಿ. ‘ರುಚಿಯಾದ ಊಟ ಬಯಸುವ ಎಲ್ಲರಿಗೂ’ ಎಂದು ಬರೆದ ಸಾಲಿದ್ದರೆ ಹೊಡೆದುಹಾಕಿ. ಅಂಥವರನ್ನು ಹುಡುಕಿಕೊಂಡು ಹೋಗಲು ವಿಳಾಸವೇ ಇರುವುದಿಲ್ಲ.

2. ಮರಳಿ ಕೊಳ್ಳುವವರು ಯಾರು?

ಬಾಣಂತಿ ಪುಡಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಆದರೆ ಒಂದು ಮನೆ ಕೊಳ್ಳುವುದು ಎರಡು ಮೂರು ತಿಂಗಳು ಮಾತ್ರ; ಪ್ರತಿ ತಿಂಗಳೂ ಹೊಸ ಮನೆ ಹುಡುಕಬೇಕು. ಸಂಕ್ರಾಂತಿಯ ಎಳ್ಳು-ಬೆಲ್ಲ ಹತ್ತು ಹದಿನೈದು ದಿನದ ವ್ಯಾಪಾರ, ಉಳಿದದ್ದರಲ್ಲಿ ಕೊಬ್ಬರಿ ಕಮಟಾಗುತ್ತದೆ. ಹಪ್ಪಳ, ಸಂಡಿಗೆಯನ್ನು ಬೇಸಿಗೆಯ ಬಿಸಿಲಿನಲ್ಲಿ ಮಾಡಿ ಮಳೆಗಾಲದಲ್ಲಿ ಮಾರಬೇಕು, ಅಷ್ಟು ತಿಂಗಳು ದುಡ್ಡು ಡಬ್ಬಿಯಲ್ಲೇ ಕೂತಿರುತ್ತದೆ. ದಿನಾ ತಟ್ಟೆಗೆ ಬೀಳುವ ಪುಡಿಗೆ ಈ ತಾಪತ್ರಯಗಳಿಲ್ಲ. ಮೊದಲ ಆಯ್ಕೆ ಅದೇ ಆಗಲಿ.

3. ನಿಮ್ಮ ಕೂಲಿ ಸೇರಿಸಿ ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನಿನ ಬೆಲೆಯನ್ನೇ ಅಸಲು ಎಂದುಕೊಂಡು, ಉಳಿದದ್ದೆಲ್ಲ ಲಾಭ ಎನ್ನುತ್ತಾರೆ. ಶೇಂಗಾ ಚಟ್ನಿಪುಡಿಯನ್ನೇ ತೆಗೆದುಕೊಳ್ಳಿ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮೂರಿನ ದರ ಹಾಕಿಕೊಳ್ಳಿ.

ಒಂದು ಕಿಲೋ ಪುಡಿಗೆ ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ ₹220. ಶೇಂಗಾ ಹುರಿದು ಸಿಪ್ಪೆ ತೆಗೆದರೆ ತೂಕ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ತಕ್ಕಡಿಯಲ್ಲಿಟ್ಟು ನೋಡಿಯೇ ಈ ಅಂಕಿ ಬರೆಯಬೇಕು. ಗ್ಯಾಸ್, ಕರೆಂಟು ₹25. 200 ಗ್ರಾಂನ ಐದು ಪೌಚು, ಅವುಗಳ ಲೇಬಲ್ ತಲಾ ₹7ರಂತೆ ₹35. ಇಬ್ಬರು ದಿನವಿಡೀ ದುಡಿದು 10 ಕಿಲೋ ಮಾಡುತ್ತಾರೆ, ದಿನಗೂಲಿ ತಲಾ ₹600 ಎಂದರೆ ಕಿಲೋಗೆ ₹120. ಒಟ್ಟು ₹400, ಅಂದರೆ ಪೌಚೊಂದಕ್ಕೆ ₹80. ದುಡಿಯುವವರು ನೀವು ಮತ್ತು ನಿಮ್ಮ ಅತ್ತೆಯೇ ಆದರೂ ಕೂಲಿ ಕೂಲಿಯೇ. ಮುಂದೆ ಆಳು ಇಡಬೇಕಾಗಿ ಬಂದಾಗ ಲೆಕ್ಕ ತಲೆಕೆಳಗಾಗಬಾರದಲ್ಲ.

ಈಗ ₹120ಕ್ಕೆ ಅಂಗಡಿಯ ಮೂಲಕ ಮಾರಿದರೆ? ಅಂಗಡಿಯವರು ಶೇ 25 ಕೇಳಿದರೆ ನಿಮಗೆ ಬರುವುದು ₹90, ಉಳಿಯುವುದು ₹10. ನೂರು ಪೌಚು ಇಟ್ಟು ಹತ್ತು ವಾಪಸ್ ಬಂದರೆ, ತೊಂಬತ್ತರಲ್ಲಿ ಗಳಿಸಿದ ₹900ರಲ್ಲಿ ₹800 ಹೋಯಿತು. ಅದನ್ನೇ ₹150ಕ್ಕೆ ಮಾರುವಂತಿದ್ದರೆ ಪೌಚಿಗೆ ₹32.50 ಉಳಿದು, ವಾಪಸಾತಿ ಕಳೆದ ಮೇಲೂ ₹2,125 ಕೈಗೆ ಬರುತ್ತದೆ. ₹150 ಕೊಟ್ಟು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಿಮ್ಮ ಹಾಳೆಯ ಯಾವ ಸಾಲಿನಲ್ಲಿ ಉತ್ತರವಿದೆಯೋ ಅದನ್ನು ಉಳಿಸಿಕೊಳ್ಳಿ. ಯಾವುದರಲ್ಲೂ ಇಲ್ಲದಿದ್ದರೆ ಅಂಗಡಿಯ ಆಸೆ ಬಿಟ್ಟು ನೇರವಾಗಿ ಮನೆಗೇ ಮಾರಿ. ಆಗ ₹120ರಲ್ಲಿ ₹40 ಉಳಿಯುತ್ತದೆ.

ಇದೇ ಲೆಕ್ಕದಿಂದ ಇನ್ನೊಂದೂ ತಿಳಿಯುತ್ತದೆ. ಕೂಲಿ ಬಿಟ್ಟು ತಿಂಗಳಿಗೆ ₹15,000 ಉಳಿಯಬೇಕಾದರೆ ನೇರ ಮಾರಾಟದಲ್ಲಿ 375 ಪೌಚು ಹೋಗಬೇಕು. ಅದು 75 ಕಿಲೋ, ಸುಮಾರು ಎಂಟು ದಿನದ ಕೆಲಸ. ಮನೆಯೊಂದು ತಿಂಗಳಿಗೆ ಒಂದು ಪೌಚು ಮುಗಿಸಿದರೆ 375 ಮನೆ ಸಾಕು, ಎರಡು ತಿಂಗಳಿಗೊಂದಾದರೆ 750 ಬೇಕು. ಸಾರಿನ ಪುಡಿಯ ಸಾಲಿಗೂ ಹೀಗೇ ಲೆಕ್ಕ ಹಾಕಿ: ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಅಷ್ಟು ಮನೆಗಳು ನಿಮ್ಮ ಕೈಗೆಟುಕುವಲ್ಲಿ ಇವೆಯೇ? ಇಲ್ಲದಿದ್ದರೆ ಆ ಸಾಲು ತೀರ ಸಣ್ಣದಾಯಿತು.

ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಳಸುವುದಾದರೆ, ಜನವರಿಯಿಂದ ಮಾರ್ಚ್‌ವರೆಗೆ ಹೊಸ ಬೆಳೆ ಮಾರುಕಟ್ಟೆಗೆ ಬರುವಾಗಲೇ ವರ್ಷಕ್ಕಾಗುವಷ್ಟು ಕೊಂಡು, ಒಣಗಿಸಿ ಕಟ್ಟಿಡಿ. ಬ್ಯಾಡಗಿಯಿಂದ ಬಣ್ಣ ಬರುತ್ತದೆ, ಖಾರ ಕಡಿಮೆ. ಖಾರ ಹೆಚ್ಚು ಬೇಕಿದ್ದರೆ ಗುಂಟೂರು ಬೆರೆಸಬೇಕು.

4. ಕಪಾಟಿನ ಪರೀಕ್ಷೆ

ಆರು ಪೌಚು ಕಟ್ಟಿ ಅಡುಗೆಮನೆಯ ಕಪಾಟಿನಲ್ಲಿಡಿ, ಫ್ರಿಜ್‌ನಲ್ಲಿ ಅಲ್ಲ. ಹದಿನೈದು ದಿನಕ್ಕೊಂದು ಒಡೆದು ಮೂಸಿ, ರುಚಿ ನೋಡಿ, ತಾರೀಕು ಹಾಕಿ ಬರೆದಿಡಿ. ಶೇಂಗಾ, ಅಗಸೆ, ಗುರೆಳ್ಳು, ಕೊಬ್ಬರಿ ಎಲ್ಲವೂ ಎಣ್ಣೆಯಂಶದವು. ಗಾಳಿ, ಬೆಳಕು, ಶಾಖ ತಾಗಿದಷ್ಟೂ ಬೇಗ ಕಮಟಾಗುತ್ತವೆ. ಅಂಗಡಿಯ ಬಿಸಿಲಿಗೆ ಪಾರದರ್ಶಕ ಪೌಚು ಇಡುವುದು ಕೆಡಿಸಲೆಂದೇ ಇಟ್ಟಂತೆ. ಗಂಟುಗಟ್ಟಿದರೆ ಬಿಸಿಯಿರುವಾಗಲೇ ತುಂಬಿ ಸೀಲ್ ಮಾಡಿದ್ದೀರಿ, ಒಳಗೆ ಹಬೆ ಬೆವೆತಿದೆ. ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆ ತುಂಬಬೇಕು. ಹಸಿ ಬೆಳ್ಳುಳ್ಳಿ ಹಾಕಿದ ಪುಡಿ ಬೇಗ ಹಾಳಾಗುತ್ತದೆ, ಹುರಿದು ತೇವ ಹೋಗಲಾಡಿಸಿ ಹಾಕಿ. ಬೂಷ್ಟು ಹಿಡಿದ ಶೇಂಗಾ ಕಾಳು ಒಂದೂ ಒಳಗೆ ಹೋಗಕೂಡದು. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಆರನೆಯ ಪೌಚೂ ಚೆನ್ನಾಗಿದ್ದರೆ ಮೂರು ತಿಂಗಳು ತಾಳಿದಂತೆ. ಆದರೂ ಲೇಬಲ್ ಮೇಲೆ ಎರಡು ತಿಂಗಳು ಎಂದೇ ಬರೆಯಿರಿ. ಒಂದೇ ತಿಂಗಳಿಗೆ ಕೆಡುವ ಪುಡಿ ಅಂಗಡಿಗೂ ಕೊರಿಯರ್‌ಗೂ ಆಗದು; ಬೀದಿಯ ಗಿರಾಕಿಗಳಿಗೆ ವಾರವಾರ ಮಾಡಿಕೊಡಬಹುದು, ಅಷ್ಟೇ.

5. ಇಪ್ಪತ್ತೈದು ಪೌಚು ಮಾರಿ ನೋಡಿ

ಬಿಟ್ಟಿ ಕೊಟ್ಟರೆ ಎಲ್ಲರೂ ‘ಭಾರೀ ಚೆನ್ನಾಗಿದೆ’ ಎನ್ನುತ್ತಾರೆ, ಆ ಮಾತಿಗೆ ಬೆಲೆಯಿಲ್ಲ. 5 ಕಿಲೋ ಮಾಡಿ, 25 ಪೌಚನ್ನು ಪೂರ್ತಿ ಬೆಲೆಗೆ, ನೆಂಟರಲ್ಲದವರಿಗೆ ಮಾರಿ. ಆಮೇಲೆ ಆರು ವಾರ ಫೋನ್ ಮಾಡಿ ನೆನಪಿಸಬೇಡಿ. ತಾವಾಗಿಯೇ ಮತ್ತೆ ಕೇಳಿದವರು ಎಂಟೋ ಹತ್ತೋ ಜನ ಇದ್ದರೆ ಮುಂದುವರಿಯಬಹುದು. ಮೂರು ನಾಲ್ಕೇ ಆದರೆ ಪುಡಿ ಬದಲಿಸುವ ಮೊದಲು ಗಿರಾಕಿಗಳನ್ನೋ ಪೌಚಿನ ಅಳತೆಯನ್ನೋ ಬದಲಿಸಿ ನೋಡಿ: ಪಿಜಿ ಹುಡುಗರಿಗೆ 200 ಗ್ರಾಂ ಹೆಚ್ಚಾಯಿತೇನೋ, 100 ಗ್ರಾಂ ಪೌಚಿಗೆ ಅವರೇ ಮುಗಿಬೀಳಬಹುದು.

ಈ ಪರೀಕ್ಷಾ ಮಾರಾಟಕ್ಕೂ ಮೊದಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿರಬೇಕು. ಮನೆಯ ಅಡುಗೆಮನೆ ಎಂಬ ವಿನಾಯಿತಿ ಇಲ್ಲ. ಲೇಬಲ್ ಮೇಲೆ ಅದರ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಹೆಚ್ಚಿರುವುದರಿಂದ ಕಡಿಮೆಯಿರುವುದರತ್ತ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಬೆಲೆ, ನಿಮ್ಮ ವಿಳಾಸ ಇರಲಿ. ಶೇಂಗಾ ಅಲರ್ಜಿಯ ವಸ್ತು, ಅದನ್ನು ಬೇರೆಯಾಗಿ ನಮೂದಿಸಬೇಕು. ‘ಸಕ್ಕರೆ ಕಾಯಿಲೆ ವಾಸಿ’ ಎಂದೆಲ್ಲ ಬರೆದರೆ ಕಾನೂನು ಬಿಡುವುದಿಲ್ಲ.

ದೂರದ ಗಿರಾಕಿಗಳನ್ನು ಆರಿಸುವವರು ಇನ್ನೊಂದು ನೋಡಿಕೊಳ್ಳಬೇಕು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮುಂಬೈ, ಹೈದರಾಬಾದಿನ ಕನ್ನಡಿಗರಿಗೆ ಕೊರಿಯರ್ ಮಾಡಿದರೆ ಅದು ಅಂತರರಾಜ್ಯ ಮಾರಾಟ, ಆ ವಿನಾಯಿತಿ ಅಲ್ಲಿಗೆ ಸಲ್ಲದು. 2025ರ ಜುಲೈನಲ್ಲಿ ಯುಪಿಐ ಜಮಾ ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿರಬಹುದು. ಪುಡಿಯ ದುಡ್ಡಿಗೆ ಮೊದಲ ಪೌಚಿನಿಂದಲೇ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇಡಿ. ಮಗಳ ಫೀಸಿನ ದುಡ್ಡು, ಚೀಟಿ ದುಡ್ಡು ಅದಕ್ಕೆ ಬೀಳದಿರಲಿ.