ಬಿಲ್ಲಿನ ಐಡಿ ಐಟಂ ಸಾಲಿಗೆ ಹೋಗುವುದು ಹೇಗೆ: ನನ್ನ ಅನುಭವ

ಒಂದು ಸಗಟು ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಬಿಲ್‌ಗೆ ಒಂದು ಟೇಬಲ್, ಐಟಂಗಳಿಗೆ ಇನ್ನೊಂದು. ಬಿಲ್ಲಿನ ಐಡಿ (ಆ ಸಾಲನ್ನು ಗುರುತಿಸುವ ನಂಬರ್) ತಾನಾಗೇ ಹುಟ್ಟುತ್ತದೆ, ಸರಿ. ಆದರೆ ಐಟಂ ಸಾಲುಗಳಲ್ಲಿ ಅದೇ ಐಡಿ ಕೂರಬೇಕಲ್ವಾ?

ಅಲ್ಲಿದ್ದ ಹಳೇ ಕೋಡ್ ಬಿಲ್ ಸೇರಿಸಿ, ಆಮೇಲೆ ಮ್ಯಾಕ್ಸ್ ಐಡಿ, ಅಂದರೆ ಅತಿ ದೊಡ್ಡ ಐಡಿ, ಎಷ್ಟು ಅಂತ ಕೇಳುತ್ತಿತ್ತು. ಒಂದೇ ಕೌಂಟರ್ ಇದ್ದರೆ ನಡೆಯುತ್ತದೆ. ಎರಡು ಕಡೆ ಒಟ್ಟಿಗೆ ಬಿಲ್ ಹೊಡೆದಾಗ, ನೀವು ಸೇರಿಸಿ ಕೇಳುವಷ್ಟರಲ್ಲಿ ಪಕ್ಕದವರ ಬಿಲ್ ಬಂದು ಕೂತಿದ್ದರೆ, ನಿಮ್ಮ ಸಕ್ಕರೆ ಮೂಟೆ ಅವರ ಬಿಲ್ಲಿಗೆ ಸೇರುತ್ತದೆ. ಎರರ್ ಬಂದರಾದರೂ ಗೊತ್ತಾಗುತ್ತಿತ್ತು, ಇದರಲ್ಲಿ ಅದೂ ಇಲ್ಲ!

ನಾನು ಮಾಡಿದ್ದಿಷ್ಟೇ. ಬಿಲ್ ಸೇರಿಸುವ ಇನ್ಸರ್ಟ್ ಆದೇಶದ ಕೊನೆಗೆ 'ರಿಟರ್ನಿಂಗ್ ಐಡಿ' ಅಂತ ಸೇರಿಸಿದೆ. ಸೇರಿಸಿದ ಸಾಲಿನ ಐಡಿಯೇ ವಾಪಸ್ ಬರುತ್ತದೆ, ಅದನ್ನೇ ಐಟಂಗಳಿಗೆ ಕೊಟ್ಟೆ, ಎಲ್ಲವೂ ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗುವ, ಇಲ್ಲದಿದ್ದರೆ ಯಾವುದೂ ಆಗದ ಕೆಲಸಗಳ ಗುಂಪು) ಒಳಗೆ. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಬಳಸುವವರಿಗೆ 'ಲಾಸ್ಟ್ ಇನ್ಸರ್ಟ್ ಐಡಿ' ಇದೆ. ಅದು ಆಯಾ ಕನೆಕ್ಷನ್ನಿನದ್ದೇ, ಹಾಗಾಗಿ ಭಯವಿಲ್ಲ. ಹಲವು ಸಾಲು ಒಟ್ಟಿಗೆ ಸೇರಿಸಿದರೆ ಮಾತ್ರ ಮೊದಲ ಸಾಲಿನ ಐಡಿ ಕೊಡುತ್ತದೆ, ಕೊನೆಯದಲ್ಲ.

ಆಮೇಲೆ ಅಂಗಡಿಯವರ ತಕರಾರು: "ಏನ್ ಸಾರ್, 1042 ಆದ್ಮೇಲೆ 1044 ಬಂದಿದೆ, ಮಧ್ಯದ್ದೆಲ್ಲಿ?" ಐಡಿಗೆ ಒಂದೊಂದೇ ನಂಬರ್ ಕೊಡುವ ಸೀಕ್ವೆನ್ಸ್ ಹಾಗೇ. ಟ್ರಾನ್ಸಾಕ್ಷನ್ ರದ್ದಾದರೂ ತೆಗೆದ ನಂಬರ್ ವಾಪಸ್ ಹೋಗಲ್ಲ. ಹೋಗುವಂತಿದ್ದರೆ ಒಂದು ಕೌಂಟರಿನ ಕೆಲಸ ಮುಗಿಯುವ ತನಕ ಇನ್ನೊಂದು ಸುಮ್ನೆ ಕಾಯಬೇಕಾಗುತ್ತಿತ್ತು. ಆದರೆ ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. ಅದಕ್ಕೆ ಬಿಲ್ ನಂಬರನ್ನು ಪ್ರೈಮರಿ ಕೀಯಿಂದ (ಅಂದರೆ ಆ ಐಡಿಯಿಂದ) ಬಿಡಿಸಿ ಬೇರೆ ಕಾಲಂ ಮಾಡಿದೆ. ಕೊನೆಯ ಬಿಲ್ ನಂಬರ್ ಇಡಲು ವರ್ಷಕ್ಕೊಂದು ಸಾಲಿರುವ ಚಿಕ್ಕ ಟೇಬಲ್, ಅದೇ ಟ್ರಾನ್ಸಾಕ್ಷನ್‌ನಲ್ಲಿ ಅಪ್‌ಡೇಟ್. ಇಲ್ಲಿ ಒಬ್ಬರಿಗೊಬ್ಬರು ಕಾಯುತ್ತಾರೆ ನಿಜ, ಆದರೆ ಅಂಗಡಿಯ ಬಿಲ್ಲಿಂಗಿಗೆ ಅದೇನೂ ದೊಡ್ಡ ಹೊರೆಯಲ್ಲ.

ಹಳೇ ಬಿಲ್‌ಗಳನ್ನು ಅವುಗಳ ಐಡಿ ಸಮೇತ ತುಂಬಿಸುವಾಗ ಇನ್ನೊಂದು ಕೆಲಸ ಇತ್ತು. ಐಡಿ ನಾವೇ ಕೊಟ್ಟರೆ ಸೀಕ್ವೆನ್ಸಿಗೆ ಅದರ ಸುದ್ದಿಯೇ ಇರಲ್ಲ, ಅದು ತನ್ನ ಪಾಡಿಗೆ 1 ರಿಂದ ಶುರು ಮಾಡುತ್ತದೆ, ಮೊದಲ ಹೊಸ ಬಿಲ್ಲಿಗೇ ಡೂಪ್ಲಿಕೇಟ್ ಕೀ ಎರರ್. ಹಾಗಾಗಿ ತುಂಬಿಸಿದ ಕೂಡಲೇ 'ಸೆಟ್‌ವಾಲ್' ಓಡಿಸಿ ಸೀಕ್ವೆನ್ಸನ್ನು ಅತಿ ದೊಡ್ಡ ಐಡಿಗೆ ತಂದು ನಿಲ್ಲಿಸಿದೆ. ಬಿಲ್‌ಗೊಂದು, ಐಟಂಗೊಂದು, ಎರಡಕ್ಕೂ ಮಾಡಬೇಕು.