ಮೂವತ್ತಮೂರಕ್ಕೆ ಸ್ತನ ಕ್ಯಾನ್ಸರ್: ಹಾರ್ಮೋನ್ ಥೆರಪಿಯನ್ನು ನಾನು ಆರಿಸಿಕೊಂಡ ಬಗೆ

ಆಪರೇಷನ್, ಕೀಮೋ, ರೇಡಿಯೇಷನ್ ಮುಗಿದಾಗ ಎಲ್ಲರೂ "ಅಂತೂ ಮುಗೀತಲ್ಲ" ಅಂದರು. ಆದರೆ ಎಲ್ಲಕ್ಕಿಂತ ಉದ್ದದ ಚಿಕಿತ್ಸೆ ಶುರುವಾಗುವುದೇ ಆಗ. ನನ್ನ ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್ ಎಂದಿತ್ತು. ಅಂದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಸಿಕ್ಕರೆ ಬೆಳೆಯುವ ಕ್ಯಾನ್ಸರ್. ಇದು 5 ವರ್ಷ ದಾಟಿದ ಮೇಲೂ ಮರಳಬಹುದು. ಹಾಗಾಗಿ ಹಾರ್ಮೋನ್ ಥೆರಪಿ, ಅಂದರೆ ಆ ಈಸ್ಟ್ರೋಜನ್ನನ್ನು ತಡೆಯುವ ಚಿಕಿತ್ಸೆ, ಬೇಕೇ ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಯಾವುದು ಅನ್ನುವುದಷ್ಟೇ ಪ್ರಶ್ನೆ.

ಒಂದು, ಕ್ಯಾನ್ಸರ್ ಕೋಶಕ್ಕೆ ಈಸ್ಟ್ರೋಜನ್ ತಾಗದಂತೆ ತಡೆಯುವ ಮಾತ್ರೆ, ದಿನಾ 20 ಮಿಲಿಗ್ರಾಂ ಟ್ಯಾಮಾಕ್ಸಿಫೆನ್. ಇನ್ನೊಂದು, ಇಂಜೆಕ್ಷನ್ ಕೊಟ್ಟು ಅಂಡಾಶಯದ ಕೆಲಸ ನಿಲ್ಲಿಸಿ, ಜೊತೆಗೆ ಟ್ಯಾಮಾಕ್ಸಿಫೆನ್ ಅಥವಾ ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಗ್ಗಿಸುವ ಎಕ್ಸಿಮೆಸ್ಟೇನ್ ಮಾತ್ರೆ. ಎರಡನೆಯದು ಬಲವಾದದ್ದು, ತೊಂದರೆಯೂ ಜಾಸ್ತಿ.

ನಾನು ಡಾಕ್ಟರನ್ನು ಕೇಳಿದ್ದು ಒಂದೇ: "ನನ್ನಂಥ 100 ಜನರಲ್ಲಿ ಎಷ್ಟು ಜನಕ್ಕೆ ಇದರಿಂದ ಲಾಭ?" ಅವರು ಈ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಸಾಫ್ಟ್ ಅಧ್ಯಯನದ ಅಂಕಿ ತೋರಿಸಿದರು. 35ಕ್ಕಿಂತ ಚಿಕ್ಕವರಲ್ಲಿ 5 ವರ್ಷ ಸ್ತನ ಕ್ಯಾನ್ಸರ್ ಮರಳದೆ ಇದ್ದವರು ಬರೀ ಟ್ಯಾಮಾಕ್ಸಿಫೆನ್ ತಗೊಂಡಾಗ 100ಕ್ಕೆ ಸುಮಾರು 68. ಅಂಡಾಶಯವನ್ನೂ ನಿಲ್ಲಿಸಿದಾಗ 79. ಅಂಡಾಶಯ ನಿಲ್ಲಿಸಿ ಟ್ಯಾಮಾಕ್ಸಿಫೆನ್ ಬದಲು ಎಕ್ಸಿಮೆಸ್ಟೇನ್ ಕೊಟ್ಟಾಗ 83. ನನಗೆ ಕಂಕುಳಿನ ಗ್ರಂಥಿಗೂ ಹರಡಿತ್ತು. ಆ ವ್ಯತ್ಯಾಸವನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ, ಇಂಜೆಕ್ಷನ್ ಜೊತೆ ಎಕ್ಸಿಮೆಸ್ಟೇನ್ ಆರಿಸಿಕೊಂಡೆ. ಆದರೆ ಅದೇ ಅಧ್ಯಯನದಲ್ಲಿ ಕೀಮೋ ಬೇಕಾಗದೇ ಇದ್ದ ಮಹಿಳೆಯರು ಬರೀ ಟ್ಯಾಮಾಕ್ಸಿಫೆನ್‌ನಲ್ಲೇ ತುಂಬ ಚೆನ್ನಾಗಿದ್ದರು. ಅದಕ್ಕೇ ನನ್ನ ಆಯ್ಕೆಯನ್ನು ಸುಮ್ನೆ ಯಾರೂ ನಕಲು ಮಾಡಬಾರದು.

ಕೀಮೋದಿಂದ ನನ್ನ ಮುಟ್ಟು ನಿಂತಿತ್ತು. ಹಾಗಂತ ಅಂಡಾಶಯ ಮಲಗಿದೆ ಅಂತಲ್ಲ. ಅದು ಕೆಲಸ ಮಾಡುತ್ತಿರುವಾಗ ಎಕ್ಸಿಮೆಸ್ಟೇನ್ ಒಂದನ್ನೇ ಕೊಟ್ಟರೆ ಸಾಲದು, ಅಂಡಾಶಯ ಇನ್ನೂ ಜೋರಾಗಿ ಕೆಲಸಕ್ಕಿಳಿಯಬಹುದು. ಅದಕ್ಕೇ ಇಂಜೆಕ್ಷನ್ ತಪ್ಪಿಸುವ ಹಾಗಿಲ್ಲ, ನಡುನಡುವೆ ಈಸ್ಟ್ರೋಜನ್ ಮಟ್ಟ ತೋರಿಸುವ ಎಸ್ಟ್ರಾಡಯೋಲ್ ರಕ್ತಪರೀಕ್ಷೆಯೂ ಬೇಕು. ನನ್ನ ಇಂಜೆಕ್ಷನ್ ಗೋಸೆರೆಲಿನ್, 28 ದಿನಕ್ಕೊಮ್ಮೆ. ಅಕ್ಕಿಕಾಳಿನಷ್ಟು ಸಣ್ಣ ತುಂಡನ್ನು ಹೊಟ್ಟೆಯ ಚರ್ಮದಡಿ ಇಡುತ್ತಾರೆ. ಸೂಜಿ ದಪ್ಪ. ಆ ಜಾಗಕ್ಕೆ ಮೊದಲೇ ಐಸ್ ಇಟ್ಟರೆ ನೋವು ಎಷ್ಟೋ ಕಡಿಮೆ.

ಮೊದಲ ತಿಂಗಳುಗಳು ಕಷ್ಟದವು. ರಾತ್ರಿ ಒಮ್ಮೆಲೇ ಎದೆಯಿಂದ ಮುಖಕ್ಕೆ ಬಿಸಿ ಏರುತ್ತಿತ್ತು. ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ, ಬಿಸಿನೀರಿನಲ್ಲಿ ಅದ್ದಿ ಕೂತ ಮೇಲೇ ಪೇಸ್ಟಿನ ಮುಚ್ಚಳ ತಿರುಗುತ್ತಿತ್ತು. ಕೀಲುನೋವಿಗೆ ನನಗೆ ಹೆಚ್ಚು ಕೆಲಸ ಮಾಡಿದ್ದು ನಡಿಗೆ ಮತ್ತು ತೂಕ ಎತ್ತುವ ವ್ಯಾಯಾಮ. ನೋವಿದೆ ಅಂತ ಮಲಗಿದ ದಿನವೇ ನೋವು ಜಾಸ್ತಿ. ಮೂಳೆ ತೆಳುವಾಗುವ ಭಯ ನಿಜವಾದದ್ದು, ಶುರುವಿನಲ್ಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡೆ. ಯೋನಿಯ ಶುಷ್ಕತೆಯ ಬಗ್ಗೆ ಯಾರೂ ತಾವಾಗಿ ಕೇಳುವುದಿಲ್ಲ. ನಾನೇ ಬಾಯಿಬಿಟ್ಟೆ, ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಬರೆದುಕೊಟ್ಟರು. ದಯವಿಟ್ಟು ನಾಚಿಕೊಂಡು ಸಹಿಸಬೇಡಿ. ಎಷ್ಟೋ ಜನ ಮಾತ್ರೆ ಅರ್ಧಕ್ಕೇ ಬಿಡುವುದು ಇಂಥ ಹೇಳಿಕೊಳ್ಳದ ತೊಂದರೆಗಳಿಗೇ ಅಲ್ವಾ?

ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಒಂದು ಮಾತು. ಮನಸ್ಸಿನ ಬೇಸರಕ್ಕೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಅದರ ಕೆಲಸಕ್ಕೆ ಅಡ್ಡ ಬರಬಹುದು. ಯಾವ ಹೊಸ ಮಾತ್ರೆಗೂ ಮುಂಚೆ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ.

ನನ್ನ ದೊಡ್ಡ ಸಂಕಟ ಮಗುವಿನದು. ಕೀಮೋಗೆ ಮೊದಲೇ ಅಂಡಾಣು ಫ್ರೀಜ್ ಮಾಡಿಸಿದ್ದೆ. ಚಿಕಿತ್ಸೆಯಲ್ಲಿರುವಾಗ ಗರ್ಭ ನಿಲ್ಲಬಾರದು, ಗರ್ಭನಿರೋಧಕವೂ ಹಾರ್ಮೋನ್ ಇಲ್ಲದ್ದೇ ಆಗಬೇಕು. 2023ರಲ್ಲಿ ಪಾಸಿಟಿವ್ ಅನ್ನುವ ಅಧ್ಯಯನ ಬಂತು. 18ರಿಂದ 30 ತಿಂಗಳು ಔಷಧಿ ತಗೊಂಡು, ಮಗುವಿಗಾಗಿ 2 ವರ್ಷದವರೆಗೆ ನಿಲ್ಲಿಸಿದವರಲ್ಲಿ ಮೊದಲ ಕೆಲವು ವರ್ಷ ಕ್ಯಾನ್ಸರ್ ಮರಳುವುದು ಹೆಚ್ಚಾಗಲಿಲ್ಲ. ಮುಂದೆ ಏನು ಅನ್ನುವುದಕ್ಕೆ ಇನ್ನೂ ವರ್ಷಗಳು ಬೇಕು. ನನ್ನ ಅಪಾಯ ಜಾಸ್ತಿ ಇರುವುದರಿಂದ ಡಾಕ್ಟರ್ 30 ತಿಂಗಳು ಪೂರ್ತಿ ಆಗಲಿ ಅಂದರು. ನಾನೂ ಒಪ್ಪಿದೆ. ಆಮೇಲೆ ಔಷಧಿ ನಿಲ್ಲಿಸಿ, ಅದು ಮೈಯಿಂದ ಹೋಗಲು 3 ತಿಂಗಳು ಕಾದು, ಸ್ಕ್ಯಾನ್ ನೋಡಿ ಮುಂದಿನ ಹೆಜ್ಜೆ. ಮಗುವಾದ ಮೇಲೆ ಮತ್ತೆ ಮಾತ್ರೆ ಶುರು ಮಾಡುವುದು ಅಂತಲೂ ನಾನೂ ಡಾಕ್ಟರೂ ಈಗಲೇ ಫೈಲಿನಲ್ಲಿ ಬರೆಸಿದ್ದೇವೆ.